‘ನನ್ನ ಮಾತ್ರೆ ಆಟೊಫಜಿ ತಡೆಯುತ್ತದಂತೆ, ಬಿಟ್ಟುಬಿಡಲೇ ಡಾಕ್ಟ್ರೇ?’

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ, ತೂಕ 48 ಕೆ.ಜಿ. ಹಾಸನ ಜಿಲ್ಲೆಯಲ್ಲಿ ಟೀಚರ್ ಆಗಿದ್ದೇನೆ. ಲೂಪಸ್ (ರೋಗನಿರೋಧಕ ವ್ಯವಸ್ಥೆಯೇ ನಮ್ಮ ಮೈಮೇಲೆ ತಿರುಗಿಬೀಳುವ ಕಾಯಿಲೆ) ಅಂತ ಗೊತ್ತಾಗಿ ಐದು ವರ್ಷ ಆಯಿತು. ಮೊದಮೊದಲು ಕೀಲುನೋವು, ಕೆನ್ನೆ ಮೇಲೆ ಕೆಂಪು, ಎದ್ದು ನಿಲ್ಲಲಾಗದಷ್ಟು ಸುಸ್ತು ಇತ್ತು. ಎರಡು ವರ್ಷದಿಂದ ಆರಾಮಾಗಿದ್ದೇನೆ. ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್ 200 ಮಿ.ಗ್ರಾಂ, ಪ್ರೆಡ್ನಿಸೋಲೋನ್ 5 ಮಿ.ಗ್ರಾಂ ತಗೊಳ್ತೀನಿ. ಮೊನ್ನೆ ನಮ್ಮ ಭಾವ ಒಂದು ವಿಡಿಯೊ ಕಳಿಸಿದರು. 72 ಗಂಟೆ ಬರೀ ನೀರಿನ ಮೇಲಿದ್ದರೆ ಆಟೊಫಜಿ, ಅಂದರೆ ಕೋಶ ತನ್ನೊಳಗಿನ ಹಳೇ ಕಸವನ್ನು ತಾನೇ ತಿಂದು ಹಾಕುವ ಕೆಲಸ, ಶುರುವಾಗಿ ಹಳೇ ರೋಗನಿರೋಧಕ ಕೋಶಗಳೆಲ್ಲ ಹೋಗಿ ಹೊಸದು ಬರುತ್ತದಂತೆ, ಅದಕ್ಕೆ ನೊಬೆಲ್ ಕೂಡ ಬಂದಿದೆಯಂತೆ. ನಾನೂ ಹುಡುಕಿ ಓದಿದೆ. ಟಿ ಕೋಶಗಳು (ರೋಗಾಣುಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಕೆಲಸ ಮಾಡಲು ಆಟೊಫಜಿ ಬೇಕೇ ಬೇಕು ಅಂತ ಇತ್ತು. ನಾನು ನುಂಗುವ ಮಾತ್ರೆಯೇ ಅದನ್ನು ತಡೆಯುತ್ತದೆ ಅಂತಲೂ ಇತ್ತು. ಹಾಗಾದರೆ ಐದು ವರ್ಷದಿಂದ ನನ್ನ ಟಿ ಕೋಶಗಳನ್ನು ನಾನೇ ಹಾಳು ಮಾಡಿಕೊಂಡೆನಾ? ಅತ್ತೆ ಏಕಾದಶಿ ಮಾಡುತ್ತಾರೆ. ಅವರ ಜೊತೆ ಶುರುಮಾಡಿ ಮೂರು ದಿನಕ್ಕೆ ಎಳೆಯೋಣ, ಮಾತ್ರೆ ಎರಡನ್ನೂ ಬಿಟ್ಟು ನೋಡೋಣ ಅಂದುಕೊಂಡಿದ್ದೇನೆ. ಸರಿನಾ?

ಉತ್ತರ: ಮೊದಲು ಒಂದು ಮಾತು. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ಪ್ರೆಡ್ನಿಸೋಲೋನ್ ಒಂದು ಸ್ಟೀರಾಯ್ಡ್, ಆ ಮಾತ್ರೆಯನ್ನು ಏಕಾಏಕಿ ನಿಲ್ಲಿಸಬೇಡಿ. ಇದು ಆಟೊಫಜಿ ವಿಷಯವೇ ಅಲ್ಲ. ವರ್ಷಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕಾಗ ಅದೇ ಬಗೆಯ ಹಾರ್ಮೋನ್ ತಯಾರಿಸುವ, ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಕಡಿಮೆ ಮಾಡಿ ಸುಮ್ಮನಾಗಿರುತ್ತದೆ. ಮಾತ್ರೆ ನಿಲ್ಲಿಸಿದ ಕೂಡಲೇ ಅದು ಎದ್ದು ಓಡುವುದಿಲ್ಲ. ಮಾತ್ರೆಯೂ ಇಲ್ಲ, ಊಟವೂ ಇಲ್ಲ ಅಂದರೆ ವಾಂತಿ, ತಲೆಸುತ್ತು ಶುರುವಾಗಿ ಬಿ.ಪಿ. ಕುಸಿಯಬಹುದು. ಐದು ಮಿ.ಗ್ರಾಂ ಅಂದರೆ ಚಿಕ್ಕ ಮಾತ್ರೆ ಅಲ್ವಾ ಅನಿಸುತ್ತದೆ. ಇಷ್ಟೇ ಚಿಕ್ಕ ಮಾತ್ರೆ ಬಿಟ್ಟು ಮಂಚ ಹಿಡಿದು ಬಂದವರನ್ನು ನೋಡಿದ್ದೇನೆ.

ಈಗ ನಿಮ್ಮ ಚಿಂತೆಗೆ ಬರೋಣ. ನೀವು ಓದಿದ್ದು ಸುಳ್ಳಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ಆಟೊಫಜಿಗೆ ಅಡ್ಡ ಬರುತ್ತದೆ, ನಿಜ. ಟಿ ಕೋಶಕ್ಕೆ ಆಟೊಫಜಿ ಬೇಕು, ಅದೂ ನಿಜ. ಹೊಟ್ಟೆ ಖಾಲಿ ಇದ್ದಾಗ ಆಟೊಫಜಿ ಏರುತ್ತದೆ, ಇಲಿಗಳಲ್ಲಂತೂ ಖಂಡಿತ ನಿಜ. ಮೂರೂ ನಿಜವೇ. ಆದರೆ ಕೂಡಿಸಿದಾಗ ಬಂದ ಉತ್ತರ ತಪ್ಪು. ಆಟೊಫಜಿ ಜಾಸ್ತಿಯಾದಷ್ಟೂ ಒಳ್ಳೆಯದು, ಕಡಿಮೆಯಾದರೆ ಕೇಡು ಅಂತ ನಡುವೆ ಎಲ್ಲೋ ಒಂದು ಊಹೆ ನುಸುಳಿದೆ. ತಪ್ಪಿರುವುದು ಅಲ್ಲಿ.

ನೊಬೆಲ್ ವಿಷಯ ಬೇಗ ಮುಗಿಸುತ್ತೇನೆ. 2016ರಲ್ಲಿ ಜಪಾನಿನ ಯೋಶಿನೋರಿ ಒಸುಮಿ ಅವರಿಗೆ ಬಂತು. ಆದರೆ ಅವರು ಉಪವಾಸ ಕೆಡವಿದ್ದು ಮನುಷ್ಯರನ್ನಲ್ಲ, ಬ್ರೆಡ್ ಉಬ್ಬಿಸುವ ಯೀಸ್ಟನ್ನು. ಒಳಗಿನ ಕಸವನ್ನು ಜೀರ್ಣ ಮಾಡುವ ಕಿಣ್ವಗಳಿಲ್ಲದ ಒಂದು ಯೀಸ್ಟ್ ತಳಿ ಹಿಡಿದು, ಅದಕ್ಕೆ ಆಹಾರ ನಿಲ್ಲಿಸಿದರು. ಕೆಲವೇ ಗಂಟೆಯಲ್ಲಿ ಯೀಸ್ಟಿನ ಒಳಚೀಲದಲ್ಲಿ ಪುಟ್ಟ ಪುಟ್ಟ ಗುಳ್ಳೆಗಳು ತುಂಬಿಕೊಂಡವು. ಮಾಮೂಲಿ ಸೂಕ್ಷ್ಮದರ್ಶಕದಲ್ಲೇ ಕಾಣುತ್ತಿತ್ತು. 1992ರಲ್ಲಿ ಅದನ್ನು ಪ್ರಕಟಿಸಿದರು. ಮರುವರ್ಷ ಈ ಕೆಲಸ ನಡೆಯಲು ಯಾವ ಯಾವ ಜೀನ್ ಬೇಕು ಅಂತ ಹುಡುಕಿ ಹಿಡಿದರು. ನೊಬೆಲ್ ಸಿಕ್ಕಿದ್ದು ಇದಕ್ಕೆ. ಯಾರು ಎಷ್ಟು ಗಂಟೆ ಊಟ ಬಿಡಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಆಟೊಫಜಿ ಅನ್ನೋ ಹೆಸರು ಅದಕ್ಕೂ ಹಳೆಯದು. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ 1963ರಲ್ಲಿ ಇಟ್ಟರು. ಗ್ರೀಕಿನಲ್ಲಿ ತನ್ನನ್ನು ತಾನೇ ತಿನ್ನುವುದು ಎಂದರ್ಥ.

72 ಗಂಟೆಯ ಕಥೆ ಬೇರೆ ಕಡೆಯಿಂದ ಬಂದದ್ದು. 2014ರಲ್ಲಿ ಅಮೆರಿಕದ ವಾಲ್ಟರ್ ಲಾಂಗೊ ಅವರ ತಂಡ, ಇಲಿಗಳಿಗೆ ಕ್ಯಾನ್ಸರ್ ಔಷಧಿ ಕೊಟ್ಟು, ಮತ್ತೆ ಮತ್ತೆ ಉಪವಾಸ ಹಾಕಿ, ಮೂಳೆಮಜ್ಜೆಯಿಂದ ಹೊಸ ಬಿಳಿ ರಕ್ತಕಣ ಹುಟ್ಟುವುದನ್ನು ತೋರಿಸಿತು. ಜೊತೆಗೆ ಕೀಮೊ ತೆಗೆದುಕೊಳ್ಳುತ್ತಿದ್ದ ಕೆಲವೇ ರೋಗಿಗಳ ಮಾಹಿತಿ ಇತ್ತು. ಲೂಪಸ್ ಅಲ್ಲಿರಲಿಲ್ಲ. ಇನ್ನೊಂದು ವಿಷಯ: ಇಲಿಯ ಒಂದು ದಿನದ ಉಪವಾಸ ನಮ್ಮ ಒಂದು ದಿನದ ಉಪವಾಸಕ್ಕೆ ಸಮ ಅಲ್ಲ. ಒಂದೇ ದಿನದಲ್ಲಿ ಇಲಿಯ ತೂಕ ಹತ್ತರಲ್ಲಿ ಒಂದು ಪಾಲಿಗೂ ಜಾಸ್ತಿ ಇಳಿಯಬಹುದು. 48 ಕೆ.ಜಿ. ಇರುವ ನೀವು ಒಂದು ದಿನದಲ್ಲಿ ಐದು ಕೆ.ಜಿ. ಇಳಿದಂತೆ ಆಯಿತು. ಹಾಗಾಗಿ ‘16ನೇ ಗಂಟೆಗೆ ಆಟೊಫಜಿ ಆನ್’ ಅಂತ ಗಡಿಯಾರ ತೋರಿಸುವ ಚಿತ್ರಗಳನ್ನು ನೋಡಿದಾಗ ನನಗೆ ನಗು ಬರುತ್ತದೆ. ನಿಮ್ಮ ದೇಹದಲ್ಲಿ ಆಟೊಫಜಿ ಎಷ್ಟಿದೆ ಅಂತ ಹೇಳುವ ರಕ್ತಪರೀಕ್ಷೆ ಯಾವ ಡಯಾಗ್ನೋಸ್ಟಿಕ್ ಸೆಂಟರಿನ ಪಟ್ಟಿಯಲ್ಲೂ ಇಲ್ಲ. ಮತ್ತೆ ಗಂಟೆ ಲೆಕ್ಕ ಹಾಕುವುದು ಹೇಗೆ?

ಈಗ ಟಿ ಕೋಶ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ.

ಎಂ.ಡಿ. ಮುಗಿಸಿದ ಮೇಲೆ ಎರಡು ವರ್ಷ ನಾನು ಟಿ ಕೋಶ ಬೆಳೆಸುವ ಲ್ಯಾಬಿನಲ್ಲಿದ್ದೆ. ದಾನಿಗಳ ರಕ್ತದಿಂದ ಟಿ ಕೋಶ ಬೇರ್ಪಡಿಸಿ, ಗುಂಡಿ ಗುಂಡಿ ಇರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಹಾಕುತ್ತಿದ್ದೆವು. ತಟ್ಟೆ ನಮ್ಮ ಪಡ್ಡಿನ ಕಾವಲಿಯ ಹಾಗೇ ಇರುತ್ತದೆ, 96 ಗುಂಡಿ. ಒಳಗಿನ ದ್ರವ ಗುಲಾಬಿ ಷರಬತ್ತಿನ ಬಣ್ಣ. ಸುಮ್ನೆ ಬಿಟ್ಟ ಟಿ ಕೋಶ ಮೂರು ದಿನ ಆದರೂ ಹಾಗೇ ಸಾಸಿವೆ ಚೆಲ್ಲಿದಂತೆ ತಳದಲ್ಲಿ ಬಿದ್ದಿರುತ್ತದೆ, ಬಣ್ಣವೂ ಬದಲಾಗುವುದಿಲ್ಲ. ಅದನ್ನು ಎಬ್ಬಿಸುವ ಆ್ಯಂಟಿಬಾಡಿ ಹಾಕಿದ ಗುಂಡಿಯಲ್ಲಿ ಮಾತ್ರ ಮರುದಿನ ಬೆಳಿಗ್ಗೆ ಬೇರೆಯೇ ನೋಟ. ಕೋಶಗಳು ಉಬ್ಬಿ, ಒಂದಕ್ಕೊಂದು ಅಂಟಿ, ಬೂಂದಿ ಉಂಡೆ ಕಟ್ಟಿದ ಹಾಗೆ ಗುಂಪಾಗಿರುತ್ತವೆ. ಮೂರನೇ ದಿನಕ್ಕೆ ದ್ರವ ನಿಂಬೆ ಷರಬತ್ತಿನಂತೆ ಹಳದಿಗೆ ತಿರುಗಿರುತ್ತದೆ. ಸಕ್ಕರೆಯನ್ನು ಗಬಗಬ ಉರಿಸಿ ಆಮ್ಲ ಹೊರಗೆ ಬಿಟ್ಟಿವೆ ಅಂತ ಅರ್ಥ. ಕ್ಲೋರೋಕ್ವಿನ್ (ನಿಮ್ಮ ಹೈಡ್ರಾಕ್ಸಿಕ್ಲೋರೋಕ್ವಿನ್ನಿನ ಹತ್ತಿರದ ಬಂಧು) ಜಾಸ್ತಿ ಹಾಕಿದ ಗುಂಡಿಯಲ್ಲಿ ಉಂಡೆಗಳು ಸಣ್ಣವು, ಬಣ್ಣ ಇನ್ನೂ ಗುಲಾಬಿಯೇ. ನೀವು ಓದಿದ್ದು ಇಂಥ ಪ್ರಯೋಗದ ಬಗ್ಗೆಯೇ ಇರಬೇಕು. ಆದರೆ ಒಂದು ವಿಷಯ ನೆನಪಿಡಿ. ಲ್ಯಾಬಿನಲ್ಲಿ ಹಾಕುವ ಪ್ರಮಾಣ ಎಷ್ಟೋ ಸಲ ನಿಮ್ಮ ರಕ್ತದಲ್ಲಿ ಓಡಾಡುವ ಪ್ರಮಾಣದ ಹತ್ತು ಪಟ್ಟು, ಇನ್ನೂ ಜಾಸ್ತಿ.

ಟಿ ಕೋಶದ ಒಳಗೆ ಆಗುವುದೇನು? ನಮ್ಮ ಮನೆಗಳನ್ನೇ ನೆನೆಯಿರಿ. ಮಾಮೂಲಿ ದಿನಗಳಲ್ಲಿ ಅಟ್ಟದ ಮೇಲಿನ ಕೆಟ್ಟುಹೋದ ಸ್ಟೌ, ತೂತುಬಿದ್ದ ಪಾತ್ರೆ ತೆಗೆದು ಗುಜರಿಗೆ ಹಾಕುತ್ತೇವೆ. ಮದುವೆ ಮನೆಯ ಹಿಂದಿನ ದಿನ ಯಾರಾದರೂ ಒಲೆ ಎತ್ತಿ ಗುಜರಿಗೆ ಹಾಕುತ್ತಾರಾ? ಇಲ್ಲ. ಅವತ್ತು ತೆಂಗಿನ ಚಿಪ್ಪು, ಸೋಗೆ, ಹಳೇ ಹಲಗೆ ಏನು ಸಿಕ್ಕರೂ ಒಲೆಗೆ ಹಾಕಿ ಉರಿಸುತ್ತೇವೆ. ಒಲೆಯನ್ನು ಮಾತ್ರ ಮುಟ್ಟುವುದಿಲ್ಲ.

ಟಿ ಕೋಶವೂ ಹಾಗೇ. ಮನುಷ್ಯರಲ್ಲಿ ಒಂದು ಟಿ ಕೋಶ ತನ್ನ ಶತ್ರು ಎದುರಾಗುವ ತನಕ ವರ್ಷಗಟ್ಟಲೆ ಕಾಯಬಹುದು. ಕಾಯುವಾಗ ಅದರ ಆಟೊಫಜಿ ಹಳೆಯ ಮೈಟೊಕಾಂಡ್ರಿಯಾಗಳನ್ನು ಸುತ್ತಿ ಒಯ್ದು ಲೈಸೋಸೋಮ್ ಎನ್ನುವ ಆಮ್ಲದ ಚೀಲಕ್ಕೆ ಸುರಿಯುತ್ತದೆ. ಮೈಟೊಕಾಂಡ್ರಿಯಾ ಅಂದರೆ ಕೋಶದ ಒಲೆ. ಹಳೆಯ ಒಲೆ ಬಿಟ್ಟರೆ ಹೊಗೆ ಜಾಸ್ತಿ. 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಎಟಿಜಿ5 ಎಂಬ ಆಟೊಫಜಿ ಜೀನ್ ಇಲ್ಲದ ಟಿ ಕೋಶಗಳನ್ನು ಇಲಿಗಳಲ್ಲಿ ನೋಡಿದರು. ಟಿ ಕೋಶ ತಯಾರಾಗುವ ಥೈಮಸ್ ಎಂಬ ಎದೆಯ ಗ್ರಂಥಿಯಲ್ಲಿ ಹುಟ್ಟಿ ಬೆಳೆದವು, ಆದರೆ ಹೊರಗೆ ಬಂದ ಮೇಲೆ ಬಾಳಲಿಲ್ಲ. ಪ್ರಚೋದಿಸಿದರೂ ಸರಿಯಾಗಿ ಸಂಖ್ಯೆ ಹೆಚ್ಚಿಸಿಕೊಳ್ಳಲಿಲ್ಲ. ಎರಡು ವರ್ಷದ ನಂತರ ಅದೇ ತಂಡ ಇಂಥ ಕೋಶಗಳಲ್ಲಿ ಮೈಟೊಕಾಂಡ್ರಿಯಾ ರಾಶಿಬಿದ್ದಿರುವುದನ್ನೂ ತೋರಿಸಿತು.

ಶತ್ರು ಸಿಕ್ಕಿತು, ಕೋಶ ಎಚ್ಚೆತ್ತಿತು ಅಂದುಕೊಳ್ಳಿ. ಆಗ ಆಟೊಫಜಿ ಏರುತ್ತದೆ, ಆದರೆ ತಿನ್ನುವ ವಸ್ತು ಬದಲಾಗುತ್ತದೆ. 2010ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನವರು ಇದನ್ನು ಸೊಗಸಾಗಿ ತೋರಿಸಿದರು. ಎಚ್ಚೆತ್ತ ಕೋಶದ ಆಟೊಫಜಿ ಚೀಲಗಳಲ್ಲಿ ಮೈಟೊಕಾಂಡ್ರಿಯಾ ಇರಲಿಲ್ಲ. ಬದಲಿಗೆ ಕೋಶದ ದ್ರವದಲ್ಲಿರುವ ಪ್ರೋಟೀನುಗಳಿದ್ದವು. ಒಲೆ ಉಳಿಸಿಕೊಂಡು ಸೋಗೆ ಉರಿಸಿದಂತೆ. ಆಟೊಫಜಿ ತಡೆದಾಗ ಕೋಶದ ಶಕ್ತಿ ಕುಸಿಯಿತು, ಐಎಲ್-2 ಎನ್ನುವ ಸಂದೇಶ ರಾಸಾಯನಿಕ ಕಡಿಮೆಯಾಯಿತು. ಹೊರಗಿನಿಂದ ಬೇರೆ ಇಂಧನ ಕೊಟ್ಟಾಗ ಮತ್ತೆ ಚೇತರಿಸಿಕೊಂಡಿತು. ಹಾಗಾದರೆ ತೊಂದರೆ ಇದ್ದದ್ದು ಇಂಧನದ್ದು ಅಂತಾಯಿತು. ಇದರ ಜೊತೆಗೆ ಕೋಶ ವಿಭಜನೆಗೆ ಹ್ಯಾಂಡ್‌ಬ್ರೇಕ್ ಹಾಕಿರುವ ಪಿ27 ಎನ್ನುವ ಪ್ರೋಟೀನನ್ನು ತಿಂದು ಹಾಕುವ ಕೆಲಸವೂ ಆಟೊಫಜಿಯದೇ.

ಇಷ್ಟು ಕೇಳಿದರೆ ಆಟೊಫಜಿ ಅಂದರೆ ಆ್ಯಕ್ಸಿಲರೇಟರ್ ಅನಿಸುತ್ತದೆ. ಆದರೆ ಅದೇ ಆಟೊಫಜಿ ಬ್ರೇಕ್ ಕೂಡ. ಟಿ ಕೋಶ ಎಚ್ಚೆತ್ತಾಗ ಉರಿಯೂತದ ಸಂದೇಶ ಮುಂದಕ್ಕೆ ಸಾಗಿಸುವ ಬಿಸಿಎಲ್10 ಎನ್ನುವ ಪ್ರೋಟೀನ್ ಇದೆ. 2012ರಲ್ಲಿ ಕಂಡದ್ದು ಏನೆಂದರೆ, ಸ್ವಲ್ಪ ಹೊತ್ತಾದ ಮೇಲೆ ಆಟೊಫಜಿ ಇದನ್ನೇ ಆರಿಸಿ ತಿಂದು ಸದ್ದಡಗಿಸುತ್ತದೆ. ಮದುವೆ ಮುಗಿದ ಮೇಲೆ ಮೈಕ್ ಸೆಟ್ ಬಿಚ್ಚುವವರೂ ಇವರೇ ಅನ್ನಿ.

ಕಥೆ ಇಲ್ಲಿಗೂ ಮುಗಿಯಲಿಲ್ಲ. ಹೋರಾಟ ಮುಗಿದು, ಹೆಚ್ಚಿನ ಟಿ ಕೋಶ ಸತ್ತು, ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಅವು ಬದುಕಿ ಉಳಿಯಲು ಆಟೊಫಜಿ ಬೇಕು ಅಂತ 2014ರಲ್ಲಿ ಆಕ್ಸ್‌ಫರ್ಡಿನವರೂ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರೂ ಬೇರೆ ಬೇರೆಯಾಗಿ ತೋರಿಸಿದರು. ಇನ್ನು ರೆಗ್ಯುಲೇಟರಿ ಟಿ ಕೋಶಗಳು, ಅಂದರೆ ‘ಸಾಕು, ಸುಮ್ನಿರಿ’ ಅಂತ ಉಳಿದವನ್ನು ಸಮಾಧಾನ ಮಾಡುವ ಜಾತಿ. ಇವಕ್ಕೂ ಆಟೊಫಜಿ ಬೇಕು. 2016ರ ಇಲಿ ಪ್ರಯೋಗದಲ್ಲಿ ಇವುಗಳ ಆಟೊಫಜಿ ಕಿತ್ತುಹಾಕಿದಾಗ ಆ ಇಲಿಗಳಿಗೆ ರೋಗನಿರೋಧಕ ವ್ಯವಸ್ಥೆ ತಮ್ಮ ಮೈಮೇಲೇ ತಿರುಗಿಬೀಳುವ ಉರಿಯೂತ ಬಂತು. ಲೂಪಸ್ ಇರುವ ನಿಮಗೆ ಈ ಜಾತಿ ಮುಖ್ಯ. ಇನ್ನೊಂದು ಕಡೆ, 2019ರಲ್ಲಿ ಕೆನಡಾದವರು ಎಟಿಜಿ5 ಇಲ್ಲದ ಟಿ ಕೋಶಗಳು ಇಲಿಗಳ ಗೆಡ್ಡೆಗಳನ್ನು ಇನ್ನೂ ಚೆನ್ನಾಗಿ ಹೊಡೆದವು ಅಂದರು! ಯಾವ ಕೋಶ, ಯಾವ ಹೊತ್ತು ಅನ್ನೋದರ ಮೇಲೆ ಉತ್ತರವೇ ತಿರುಗಿ ನಿಲ್ಲುತ್ತದೆ.

‘ಆಟೊಫಜಿ ಏರಿಸಿ, ಇಮ್ಯುನಿಟಿ ಬೆಳೆಸಿ’ ಅನ್ನೋರಿಗೆ ನಾನು ಕೇಳುವ ಪ್ರಶ್ನೆ ಒಂದಿದೆ. ರಾಪಾಮೈಸಿನ್ ಅಂತ ಒಂದು ಔಷಧಿ ಇದೆ, ಸಿರೋಲಿಮಸ್ ಅಂತಲೂ ಕರೆಯುತ್ತಾರೆ. 1964ರಲ್ಲಿ ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಕೆನಡಾದಲ್ಲಿದ್ದ ಭಾರತ ಮೂಲದ ಸುರೇಂದ್ರ ಸೆಹಗಲ್ ಅದನ್ನು ಬೇರ್ಪಡಿಸಿದರು. ಕಂಪನಿ ಆ ಕೆಲಸ ನಿಲ್ಲಿಸಿದಾಗ ಬ್ಯಾಕ್ಟೀರಿಯಾವನ್ನು ಮನೆಗೆ ಒಯ್ದು ಫ್ರೀಜರಿನಲ್ಲಿಟ್ಟು ಕಾಪಾಡಿದರು. ಈ ಔಷಧಿ ಎಂಟಾರ್ ಎಂಬ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಪರಿಣಾಮ, ಆಟೊಫಜಿ ಏರುತ್ತದೆ. ಈಗ ಹೇಳಿ, ಇದನ್ನು ಯಾರಿಗೆ ಕೊಡುತ್ತೇವೆ? ಕಿಡ್ನಿ ಕಸಿ ಆದವರಿಗೆ, 1999ರಿಂದ. ಯಾಕೆ? ಟಿ ಕೋಶಗಳನ್ನು ಅಡಗಿಸಿ, ಹೊಸ ಕಿಡ್ನಿಯನ್ನು ತಳ್ಳಿಹಾಕದಂತೆ ಮಾಡಲು. ಆಟೊಫಜಿ ಏರಿಸುವ ಔಷಧಿಯೂ ಟಿ ಕೋಶ ತಣ್ಣಗೆ ಮಾಡುತ್ತದೆ, ಆಟೊಫಜಿ ತಡೆಯುವ ನಿಮ್ಮ ಮಾತ್ರೆಯೂ ರೋಗನಿರೋಧಕ ವ್ಯವಸ್ಥೆಯನ್ನು ತಣ್ಣಗೆ ಮಾಡುತ್ತದೆ. ಹೋಗಲಿ, ಲೂಪಸ್‌ಗೇ ಎರಡನ್ನೂ ಬಳಸಿದ್ದಾರೆ. ಸಿರೋಲಿಮಸ್ಸನ್ನು 40 ಲೂಪಸ್ ರೋಗಿಗಳಿಗೆ ಕೊಟ್ಟು ನೋಡಿದ ಅಮೆರಿಕದ ಒಂದು ಅಧ್ಯಯನ 2018ರಲ್ಲಿ ಬಂತು. ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲ, ಆದರೆ ಹಲವರಲ್ಲಿ ರೋಗ ತಗ್ಗಿತು. ಹಾಗಾದರೆ ಆಟೊಫಜಿ ಏರಿಸಬೇಕೋ ಇಳಿಸಬೇಕೋ? ಈ ಪ್ರಶ್ನೆಯೇ ಸರಿ ಇಲ್ಲ. ಎರಡೂ ಔಷಧಿಗಳಿಗೆ ಬೇರೆ ಬೇರೆ ಕೈಗಳಿವೆ. ಆಟೊಫಜಿ ಅವುಗಳಲ್ಲಿ ಒಂದು ಬೆರಳು.

ಲೂಪಸ್ ಇರುವವರ ಟಿ ಕೋಶಗಳಲ್ಲಿ ಆಟೊಫಜಿ ಹದ ತಪ್ಪಿರುವುದು ನಿಜ. 2012ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ತಂಡ ರೋಗಿಗಳ ಟಿ ಕೋಶಗಳಲ್ಲಿ ಆಟೊಫಜಿ ಚೀಲಗಳು ಹೆಚ್ಚಾಗಿ ಕೂತಿರುವುದನ್ನು ಕಂಡಿತು. ಇಲ್ಲೊಂದು ಸಣ್ಣ ಪೇಚು ಇದೆ, ಲ್ಯಾಬಿನಲ್ಲಿ ನಾನೂ ಎಡವಿದ್ದೆ. ಚೀಲ ಜಾಸ್ತಿ ಇದೆ ಅಂದರೆ ಆಟೊಫಜಿ ಜಾಸ್ತಿ ನಡೆಯುತ್ತಿದೆ ಅಂತ ಬರೆದುಕೊಂಡು ಗೈಡ್ ಹತ್ತಿರ ಹೋದೆ. ಅವರು ಕಿಟಕಿ ಹೊರಗೆ ಬೀದಿ ಮೂಲೆಯ ಕಸದ ರಾಶಿ ತೋರಿಸಿ ಕೇಳಿದರು, ‘ಇವತ್ತು ರಾಶಿ ದೊಡ್ಡದಾಗಿದೆ. ಜನ ಜಾಸ್ತಿ ಕಸ ಹಾಕಿದರೋ, ಕಸದ ಗಾಡಿ ಬರಲಿಲ್ಲವೋ?’ ಬರೀ ರಾಶಿ ನೋಡಿ ಹೇಳಲಾಗದು. ಆವತ್ತಿನಿಂದ ಆಟೊಫಜಿ ಹೆಚ್ಚಿತು ಅಂತ ಯಾರು ಹೇಳಿದರೂ ‘ಗಾಡಿ ಬಂತಾ ನೋಡಿದ್ರಾ?’ ಅಂತ ಕೇಳುವುದು ಅಭ್ಯಾಸವಾಗಿದೆ. ನಿಮ್ಮ ಮಾತ್ರೆ ಮಾಡುವುದೂ ಅದನ್ನೇ. ಕಸ ಕಟ್ಟುವುದನ್ನು ತಡೆಯುವುದಿಲ್ಲ, ಗಾಡಿಯ ಓಡಾಟ ನಿಧಾನ ಮಾಡುತ್ತದೆ. ಪೂರ್ತಿ ನಿಲ್ಲಿಸುವುದೂ ಇಲ್ಲ.

ಹಾಗಿದ್ದರೆ ನಿಮ್ಮ ಟಿ ಕೋಶ ಹಾಳಾಗಿದೆಯಾ? ಇಲ್ಲ. ಆಗಿದ್ದರೆ ನಮಗೆ ಸೋಂಕುಗಳ ರೂಪದಲ್ಲಿ ಕಾಣಬೇಕಿತ್ತು. ಸೋಂಕಿನ ಅಪಾಯ ಹೆಚ್ಚಿಸುವ ಲೂಪಸ್ ಔಷಧಿಗಳ ಪಟ್ಟಿಯಲ್ಲಿ ಸ್ಟೀರಾಯ್ಡ್ ಇದೆ, ಇನ್ನೂ ಕೆಲವು ಇವೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಅದರಲ್ಲಿಲ್ಲ. ಗರ್ಭಿಣಿಯರಿಗೂ ಮುಂದುವರಿಸಿ ಎನ್ನುವ ಔಷಧಿ ಅದು. ಅದರ ಮುಖ್ಯ ಕೆಲಸ ಬಹುಶಃ ಟಿ ಕೋಶದ ಆಟೊಫಜಿಯೂ ಅಲ್ಲ. ಲೂಪಸ್ಸಿನಲ್ಲಿ ನಮ್ಮದೇ ಡಿಎನ್ಎ, ಆರ್‌ಎನ್ಎ ಚೂರುಗಳನ್ನು ವೈರಸ್ ಅಂತ ತಪ್ಪು ತಿಳಿದು ಕೂಗೆಬ್ಬಿಸುವ ಕಾವಲುಗಾರರಿದ್ದಾರೆ, ಟಿಎಲ್ಆರ್7, ಟಿಎಲ್ಆರ್9 ಅಂತ. ಅವರು ಕೂತಿರುವ ಚೀಲದ ಹುಳಿ ಕಡಿಮೆ ಮಾಡಿ ಈ ಮಾತ್ರೆ ಅವರ ಬಾಯಿ ಮುಚ್ಚಿಸುತ್ತದೆ. ಗಾಡಿ ನಿಧಾನವಾಗುವುದು ಅದೇ ಹುಳಿ ಕಡಿಮೆಯಾದ್ದರ ಇನ್ನೊಂದು ಫಲ.

ಬಿಟ್ಟರೆ ಏನಾಗುತ್ತದೆ ಅಂತ ಊಹಿಸಬೇಕಿಲ್ಲ, ಕೆನಡಾದಲ್ಲಿ ನೋಡಿದ್ದಾರೆ. 1991ರಲ್ಲಿ ಪ್ರಕಟವಾಯಿತು. ನಿಮ್ಮ ಹಾಗೆ ಮಾತ್ರೆ ಮೇಲೆ ಆರಾಮಾಗಿದ್ದ 47 ಲೂಪಸ್ ರೋಗಿಗಳು. 25 ಜನಕ್ಕೆ ಮಾತ್ರೆ ಮುಂದುವರಿಸಿದರು, 22 ಜನಕ್ಕೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ಆರು ತಿಂಗಳಲ್ಲಿ ಮಾತ್ರೆ ಇದ್ದವರಲ್ಲಿ 9 ಜನಕ್ಕೆ ರೋಗ ಮರುಕಳಿಸಿತು. ಬಿಟ್ಟವರಲ್ಲಿ 16 ಜನಕ್ಕೆ. ಮಾತ್ರೆ ಇದ್ದೂ 9 ಜನಕ್ಕೆ ಬಂತಲ್ಲ ಅಂತ ನೀವು ಕೇಳಬಹುದು. ಹೌದು, ಇದು ಮಂತ್ರದಂಡ ಅಲ್ಲ. ಆದರೆ 22ರಲ್ಲಿ 16 ಅಂದರೆ ಆ ಜೂಜು ನಾನು ಆಡುವುದಿಲ್ಲ.

ಇಲ್ಲಿ ಒಂದು ಮೋಸ ಇದೆ. ತುಂಬ ಜನ ಇದರಲ್ಲಿ ಬೀಳುತ್ತಾರೆ. ಈ ಮಾತ್ರೆ ದೇಹದಿಂದ ಹೊರಹೋಗುವುದು ಬಹಳ ನಿಧಾನ. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 40 ದಿನ ಬೇಕು. ಹಾಗಾಗಿ ನಾಳೆ ಬಿಟ್ಟರೆ ನಾಡಿದ್ದು ಏನೂ ಆಗುವುದಿಲ್ಲ. ಮುಂದಿನ ವಾರವೂ ಇಲ್ಲ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿ ಹೀಗೇ ಬಿಟ್ಟು, ಮೂರು ದಿನ ನೀರಿನ ಮೇಲಿದ್ದಳು. ‘ಸರ್, ಕೀಲು ಹಗುರ ಆಗಿದೆ, ಮುಖ ಹೊಳೆಯುತ್ತಿದೆ’ ಅಂತ ಮೆಸೇಜ್ ಹಾಕಿದಳು. ಮೂರನೇ ತಿಂಗಳು ಬಂದಾಗ ಬೆರಳು ಮಡಚಲಾಗುತ್ತಿರಲಿಲ್ಲ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಮೊದಲ ತಿಂಗಳ ಹಗುರಕ್ಕೆ ಉಪವಾಸಕ್ಕೆ ಅಂಕ ಕೊಟ್ಟಳು. ಮೂರನೇ ತಿಂಗಳ ನೋವಿಗೆ ಶಾಲೆಯ ಕೆಲಸದ ಒತ್ತಡ ಅಂದಳು. ನಡುವೆ ಖಾಲಿಯಾದ ಮಾತ್ರೆ ಯಾರ ಲೆಕ್ಕಕ್ಕೂ ಬರಲಿಲ್ಲ.

ಹಾಗಂತ ಆ ಹಗುರ ಸುಳ್ಳಲ್ಲ. ಅದೇ 1991ರಲ್ಲಿ ನಾರ್ವೆಯವರು ರುಮಟಾಯ್ಡ್ ಸಂಧಿವಾತ ಇರುವವರಿಗೆ ವಾರ, ಹತ್ತು ದಿನ ತರಕಾರಿ ಸಾರಿನಂಥದ್ದರ ಮೇಲೆ ಉಪವಾಸ ಮಾಡಿಸಿ, ಆಮೇಲೆ ವರ್ಷಪೂರ್ತಿ ಸಸ್ಯಾಹಾರ ಕೊಟ್ಟು ನೋಡಿದ್ದಾರೆ. ನೋವು, ಊತ ಇಳಿಯಿತು. ಲೂಪಸ್ ಬರುವ ಜಾತಿಯ ಇಲಿಗಳಿಗೆ ಜೀವನವಿಡೀ ಕಡಿಮೆ ಆಹಾರ ಕೊಟ್ಟರೆ ಹೆಚ್ಚು ದಿನ ಬದುಕುತ್ತವೆ ಅನ್ನೋದು 1970ರ ದಶಕದಿಂದಲೇ ಗೊತ್ತು. ಹೊಟ್ಟೆಗೂ ರೋಗನಿರೋಧಕ ವ್ಯವಸ್ಥೆಗೂ ನಂಟು ಇರುವುದು ಖಂಡಿತ. ಆದರೆ ಜೀವನವಿಡೀ ಸ್ವಲ್ಪ ಕಡಿಮೆ ತಿನ್ನುವುದು ಒಂದು, ಮೂರು ದಿನ ಏನೂ ತಿನ್ನದಿರುವುದು ಇನ್ನೊಂದು. 2019ರಲ್ಲಿ ಇಲಿಗಳ ಆಹಾರ ಅರ್ಧಕ್ಕೆ ಇಳಿಸಿದಾಗ ನೆನಪಿನ ಟಿ ಕೋಶಗಳು ರಕ್ತ ಬಿಟ್ಟು ಮೂಳೆಮಜ್ಜೆಗೆ ಹೋಗಿ ಸೇರಿಕೊಂಡವು. ಬರಗಾಲದಲ್ಲಿ ಜನ ತವರಿಗೆ ಹೋದಂತೆ. ಊಟ ಬಂದಾಗ ಅವೇ ವಾಪಸ್ ಬಂದವು. ಅವು ಹೊಸ ಕೋಶಗಳಲ್ಲ. ನಿಮ್ಮ ಮೈಯನ್ನು ಶತ್ರು ಅಂತ ತಪ್ಪು ಕಲಿತ ಟಿ ಕೋಶಗಳೂ ನೆನಪಿನ ಕೋಶಗಳೇ ಅಲ್ವಾ? ಆಟೊಫಜಿ ಅವನ್ನೂ ಸಾಕಿ ಉಳಿಸಬಹುದು. ‘ಹಳೆಯದೆಲ್ಲ ಹೋಗಿ’ ಅನ್ನುವ ವಿಡಿಯೊದವರು ಇದನ್ನು ಯೋಚಿಸಿದಂತಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಎರಡೂ ಮಾತ್ರೆ ಬಿಟ್ಟು 72 ಗಂಟೆ ನೀರಿನ ಮೇಲಿರುವುದು ಬೇಡ, ಕಾರಣ ಹೇಳಿದೆ. ಮಾತ್ರೆ ಇಟ್ಟುಕೊಂಡು 72 ಗಂಟೆ ಮಾಡಲೇ ಅಂದರೆ ಅದಕ್ಕೂ ನಾನು ಒಪ್ಪುವುದಿಲ್ಲ. 48 ಕೆ.ಜಿ. ತೂಕದವರಿಗೆ ಇಳಿಸಲು ಹೆಚ್ಚೇನೂ ಇಲ್ಲ, ಸ್ನಾಯುವೂ ಕರಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಕೆಲವರಿಗೆ ಸಕ್ಕರೆ ಇಳಿಸುತ್ತದೆ, ಖಾಲಿ ಹೊಟ್ಟೆಯಲ್ಲಿ ಅದು ಇನ್ನೂ ಇಳಿಯಬಹುದು. ಖಾಲಿ ಹೊಟ್ಟೆಗೆ ಪ್ರೆಡ್ನಿಸೋಲೋನ್ ಬಿದ್ದರೆ ಉರಿ. ನೀರು ಸಾಲದಿದ್ದರೆ ಕಿಡ್ನಿಗೆ ಹೊರೆ, ಲೂಪಸ್ಸಿನಲ್ಲಿ ಕಿಡ್ನಿಯನ್ನು ನಾವು ಕಣ್ಣಿನಂತೆ ನೋಡಿಕೊಳ್ಳುತ್ತೇವೆ.

ಅತ್ತೆ ಜೊತೆ ಏಕಾದಶಿ ಮಾಡಬೇಕು ಅನ್ನುವುದು ಬೇರೆ ಮಾತು, ಅದಕ್ಕೆ ನನ್ನ ಅಡ್ಡಿಯಿಲ್ಲ. ನಿರ್ಜಲ ಮಾತ್ರ ಬೇಡ. ಬೆಳಿಗ್ಗೆ ಒಂದು ಲೋಟ ಹಾಲು, ಎರಡು ಬಾಳೆಹಣ್ಣಿನ ಜೊತೆ ಮಾತ್ರೆ ತಗೊಳ್ಳಿ. ಅತ್ತೆ ವ್ರತ ಕೆಡುತ್ತದೆ ಅಂದರೆ, ವ್ರತ ಕೆಡಿಸದ ಎಂಟು ವಸ್ತುಗಳು ಅಂತ ಹಿರಿಯರು ಹೇಳುವ ಪಟ್ಟಿ ನೆನಪಿಸಿ. ನೀರು, ಗೆಡ್ಡೆ, ಹಣ್ಣು, ಹಾಲು ಅದರಲ್ಲಿವೆ. ಔಷಧವೂ ಇದೆ. ನಮ್ಮ ಮನೆಯಲ್ಲಿ ಉಪವಾಸ ಅಂದರೆ ಅವಲಕ್ಕಿ, ಸಾಬೂದಾನೆ, ಕಡಲೆಬೀಜ ಅಂತ ಮಾಮೂಲಿಗಿಂತ ಜಾಸ್ತಿಯೇ ಒಳಗೆ ಹೋಗುತ್ತಿತ್ತು. ಅಂಥ ಉಪವಾಸಕ್ಕಂತೂ ಡಾಕ್ಟರ ಅಪ್ಪಣೆ ಬೇಕಿಲ್ಲ. ರಾತ್ರಿ ಎಂಟಕ್ಕೆ ಊಟ, ಬೆಳಿಗ್ಗೆ ಎಂಟಕ್ಕೆ ತಿಂಡಿ ಅಂತ ಇಟ್ಟುಕೊಂಡರೂ ಸರಿ. ಅದರಿಂದ ಲೂಪಸ್ ವಾಸಿಯಾಗುತ್ತದೆ ಅನ್ನುವುದಿಲ್ಲ, ನಿದ್ದೆ ಚೆನ್ನಾಗಿ ಬರಬಹುದು.

ಆಟೊಫಜಿ ಹೆಸರಲ್ಲಿ ಸ್ಪರ್ಮಿಡಿನ್ ಕ್ಯಾಪ್ಸೂಲ್ ಮಾರುವವರೂ ಇದ್ದಾರೆ. ಮುಂದಿನ ವಿಡಿಯೊ ಅದರದ್ದೇ ಬಂದೀತು. ವಯಸ್ಸಾದ ಇಲಿಗಳಿಗೆ ಅದನ್ನು ಕೊಟ್ಟಾಗ ಫ್ಲೂ ಲಸಿಕೆಗೆ ಟಿ ಕೋಶಗಳು ಚೆನ್ನಾಗಿ ಸ್ಪಂದಿಸಿದವು, ಸರಿ. ನಿಮ್ಮ ತೊಂದರೆ ಟಿ ಕೋಶ ಮಂಕಾಗಿರುವುದಲ್ಲ, ಬೇಡದ ಕಡೆ ಚುರುಕಾಗಿರುವುದು. ಸೋಯಾ, ಅಣಬೆ, ಕಾಳುಗಳಲ್ಲಿ ಆ ವಸ್ತು ಇದ್ದೇ ಇದೆ. ಮೊಳಕೆ ಕಾಳಿನ ಹುಳಿ ಮಾಡಿ ತಿನ್ನಿ, ಕ್ಯಾಪ್ಸೂಲಿಗೆ ದುಡ್ಡು ಹಾಕಬೇಡಿ. ಆಲ್ಫಾಲ್ಫಾ ಮೊಳಕೆಯೊಂದನ್ನು ಬಿಟ್ಟುಬಿಡಿ, ಲೂಪಸ್ ಕೆರಳಿಸಿದ ಉದಾಹರಣೆಗಳಿವೆ.

ನಿಜವಾಗಿ ಮಾತ್ರೆ ಕಡಿಮೆ ಮಾಡುವ ಆಸೆ ಇದ್ದರೆ ಅದಕ್ಕೆ ದಾರಿ ಇದೆ, ಮತ್ತು ನಿಮಗೆ ಕೇಳುವ ಹಕ್ಕಿದೆ. ಎರಡು ವರ್ಷದಿಂದ ಆರಾಮಾಗಿದ್ದೀರಿ. ಮೊದಲು ಇಳಿಸಬೇಕಾದದ್ದು ಹೈಡ್ರಾಕ್ಸಿಕ್ಲೋರೋಕ್ವಿನ್ ಅಲ್ಲ, ಪ್ರೆಡ್ನಿಸೋಲೋನ್. ಮೂಳೆ, ಸಕ್ಕರೆ, ಸೋಂಕು ಎಲ್ಲ ತೊಂದರೆಯೂ ಅದರದ್ದೇ. ಅರ್ಧ ಅರ್ಧ ಮಿಲಿಗ್ರಾಂ, ಒಂದೊಂದು ಮಿಲಿಗ್ರಾಂ ಅಂತ ತಿಂಗಳುಗಟ್ಟಲೆ ನಿಧಾನವಾಗಿ, ಮೂತ್ರ, ರಕ್ತ ಪರೀಕ್ಷೆ ನೋಡುತ್ತಾ ಇಳಿಸುತ್ತಾರೆ. ಇಳಿಸುವಾಗ ರೋಗ ಸ್ವಲ್ಪ ತಲೆಯೆತ್ತುವ ಅಪಾಯ ಇದ್ದೇ ಇದೆ. ಅದಕ್ಕೇ ಹೈಡ್ರಾಕ್ಸಿಕ್ಲೋರೋಕ್ವಿನ್ ಜೊತೆಗೆ ಇರಲಿ ಅನ್ನುವುದು.

ಆ ಮಾತ್ರೆಯ ಬಗ್ಗೆ ಚಿಂತೆ ಮಾಡಲೇಬೇಕು ಅಂದರೆ ಟಿ ಕೋಶದ ಚಿಂತೆ ಬಿಡಿ, ಕಣ್ಣಿನದ್ದು ಮಾಡಿ. ವರ್ಷಾನುಗಟ್ಟಲೆ ತಗೊಂಡರೆ ಕೆಲವರಿಗೆ ರೆಟಿನಾ ಹಾಳಾಗುತ್ತದೆ, ಹಾಳಾದದ್ದು ಸರಿಹೋಗುವುದಿಲ್ಲ. ಕೆ.ಜಿ.ಗೆ ದಿನಕ್ಕೆ 5 ಮಿ.ಗ್ರಾಂ ಮೀರಬಾರದು. ನಿಮ್ಮ ತೂಕಕ್ಕೆ 240 ಆಗುತ್ತದೆ, ನೀವು 200ರಲ್ಲಿದ್ದೀರಿ. ಈ ಮಿತಿಯೊಳಗಿದ್ದರೆ ಮೊದಲ ಹತ್ತು ವರ್ಷದಲ್ಲಿ ಅಪಾಯ ನೂರಕ್ಕೆ 2ಕ್ಕಿಂತ ಕಡಿಮೆ. 20 ವರ್ಷ ದಾಟಿದರೆ ನೂರಕ್ಕೆ 20ರ ಹತ್ತಿರ ಹೋಗುತ್ತದೆ. ಶುರುಮಾಡಿದ ಮೊದಲ ವರ್ಷ ಒಮ್ಮೆ, ಐದು ವರ್ಷ ಆದ ಮೇಲೆ ಪ್ರತಿ ವರ್ಷ ಕಣ್ಣು ತೋರಿಸಬೇಕು. ನಿಮಗೆ ಈಗ ಸರಿಯಾಗಿ ಐದು ವರ್ಷ. ಕನ್ನಡಕದ ಅಂಗಡಿಯ ಅಕ್ಷರ ಓದಿಸುವ ಪರೀಕ್ಷೆ ಸಾಲದು. ಒಸಿಟಿ ಸ್ಕ್ಯಾನ್, ವಿಷುವಲ್ ಫೀಲ್ಡ್ ಅಂತ ಎರಡು ಹೆಸರು ಚೀಟಿಯಲ್ಲಿ ಬರೆದುಕೊಂಡು ರೆಟಿನಾ ನೋಡುವ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ತೂಕ ಇಳಿದಿದ್ದರೆ ಅದನ್ನೂ ಹೇಳಿ, ಡೋಸ್ ಲೆಕ್ಕ ಬದಲಾಗುತ್ತದೆ.

ಈಗಾಗಲೇ ಕೆಲವು ದಿನ ಮಾತ್ರೆ ಬಿಟ್ಟಿದ್ದರೆ ಗಾಬರಿ ಬೇಡ, ಮುಚ್ಚಿಡಲೂ ಬೇಡ. ಹೈಡ್ರಾಕ್ಸಿಕ್ಲೋರೋಕ್ವಿನ್ ಇವತ್ತೇ ಮತ್ತೆ ಶುರುಮಾಡಿ, ತಪ್ಪಿದ್ದನ್ನು ಸರಿದೂಗಿಸಲು ಎರಡು ನುಂಗಬೇಡಿ. ಪ್ರೆಡ್ನಿಸೋಲೋನ್ ಬಿಟ್ಟು ವಾಂತಿ, ತಲೆಸುತ್ತು ಇದ್ದರೆ ಇದೇ ದಿನ ಆಸ್ಪತ್ರೆಗೆ ಹೋಗಿ ‘ಸ್ಟೀರಾಯ್ಡ್ ನಿಲ್ಲಿಸಿದ್ದೆ’ ಅಂತ ಮೊದಲ ವಾಕ್ಯದಲ್ಲೇ ಹೇಳಿ. ಮೂತ್ರದಲ್ಲಿ ನೊರೆ, ಕಾಲಿನ ಊತ, ಬಿಡದ ಜ್ವರ, ಹೊಸ ಕೆಂಪು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಭಾವನಿಗೆ ನೇರವಾಗಿ ಇಲ್ಲ ಅನ್ನಲು ಸಂಕೋಚ ಇದ್ದರೆ, ಕಣ್ಣಿನ ರಿಪೋರ್ಟ್ ಬರುವ ತನಕ ಡಾಕ್ಟರು ಏನನ್ನೂ ಬದಲಿಸಬೇಡ ಅಂದಿದ್ದಾರೆ ಅಂತ ನನ್ನ ಹೆಸರು ಹೇಳಿ.